ಹಿತ್ತಾಳೆ ಎಂಡ್ ಕ್ಯಾಪ್‌ನಲ್ಲೊಂದು ಸ್ಪಿರಿಟ್ ಒಲೆ

ಪಂಪಿಲ್ಲ, ವಾಲ್ವಿಲ್ಲ, ಸಿಲಿಂಡರ್ ಹೊರುವ ಗೋಜಿಲ್ಲ. ಪುಟ್ಟದೊಂದು ಲೋಹದ ಬಟ್ಟಲು, ಅದರಲ್ಲಿ ಸ್ವಲ್ಪ ಸ್ಪಿರಿಟ್, ಮೇಲೊಂದು ಪಾತ್ರೆ. ಕ್ಯಾಂಪಿಂಗ್‌ಗೆ ಒಯ್ಯುವ ಸ್ಪಿರಿಟ್ ಒಲೆ ಅಂದರೆ ಇಷ್ಟೇ. ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಮಾತ್ರ ಬರ್ನರ್‌ಗೆ ಎಷ್ಟು ತೂತು, ಎಲ್ಲಿ ತೂತು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಬರ್ನರ್ ಹೇಗಿದ್ದರೂ ನಡೆಯುತ್ತದೆ. ನೀರು ಬೇಗ ಕುದಿಯುವುದು ಪಾತ್ರೆಗೂ ಬೆಂಕಿಗೂ ನಡುವಿನ ಅಂತರ ಮತ್ತು ಸುತ್ತಲಿನ ಗಾಳಿತಡೆಯಿಂದ.

ಹಾಗಾಗಿ ಬರ್ನರ್ ಸರಳವಾಗಿರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ತುದಿ ಮುಚ್ಚಲು ಒಂದೂವರೆ ಇಂಚಿನ ಹಿತ್ತಾಳೆ ಎಂಡ್ ಕ್ಯಾಪ್ ಸಿಗುತ್ತದೆ, ಒಳಗಡೆ ಥ್ರೆಡ್ ಇರುವಂಥದ್ದು. ಅದೇ ನಮ್ಮ ಬಟ್ಟಲು. ಪ್ಲಾಸ್ಟಿಕ್ ಕ್ಯಾಪ್ ಅಂತೂ ಬೇಡವೇ ಬೇಡ. ಬೂದು ಬಣ್ಣದ ಜಿ.ಐ. ಕ್ಯಾಪೂ ಬೇಡ. ಅದರ ಮೇಲಿರುವ ಸತುವಿನ ಲೇಪನ 420 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಇನ್ನೂ ಕಾದು ಹೊಗೆ ಎದ್ದರೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಪಾತ್ರೆ ನಿಲ್ಲಿಸುವ ಜಾಲರಿಗೂ ಇದೇ ಮಾತು, ಸ್ಟೇನ್‌ಲೆಸ್ ಸ್ಟೀಲ್ ಅಂತ ಕೇಳಿಯೇ ತೆಗೆದುಕೊಳ್ಳಿ.

ಇದರ ಜೊತೆಗೆ ಒಂದು ಹಿಡಿ ಗ್ಲಾಸ್ ವೂಲ್ (ಗಾಜಿನ ಎಳೆಗಳಿಂದ ಮಾಡಿದ ಉಣ್ಣೆಯಂಥದ್ದು), ಅಂಗೈಯಗಲದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ, ತೆಳುವಾದ ಅಲ್ಯೂಮಿನಿಯಂ ತಗಡು, ಸ್ವಲ್ಪ ಸ್ಟೀಲ್ ತಂತಿ ಬೇಕು. ತಗಡು ಕತ್ತರಿ, ಕಟಿಂಗ್ ಪ್ಲೈಯರ್, ಒಂದು ಅರ ಇದ್ದರೆ ಸಾಕು. ಬೆಸುಗೆ, ಅಂಟು ಯಾವುದೂ ಬೇಡ.

ಕ್ಯಾಪಿನ ಥ್ರೆಡ್‌ನಲ್ಲಿ ಎಣ್ಣೆಯ ಜಿಡ್ಡು, ಹಳೇ ಟೆಫ್ಲಾನ್ ಟೇಪಿನ ಚೂರು ಇದ್ದರೆ ಕೆರೆದು ತೊಳೆಯಿರಿ. ಟೆಫ್ಲಾನ್ ಜಾಸ್ತಿ ಕಾದರೆ ವಿಷಗಾಳಿ ಬಿಡುತ್ತದೆ. ಆಮೇಲೆ ಗ್ಲೌಸ್, ಮಾಸ್ಕ್ ಹಾಕಿಕೊಂಡು ಗ್ಲಾಸ್ ವೂಲನ್ನು ಕ್ಯಾಪಿನೊಳಗೆ ಸಡಿಲವಾಗಿ ತುಂಬಿ. ಬರಿಗೈಯಲ್ಲಿ ಮುಟ್ಟಿದರೆ ಸಂಜೆಯವರೆಗೂ ನವೆ. ಒತ್ತಿ ಒತ್ತಿ ತುಂಬಿದರೆ ಸ್ಪಿರಿಟ್‌ಗೆ ಜಾಗವೇ ಉಳಿಯುವುದಿಲ್ಲ. ಹತ್ತಿ ಹಾಕಬಹುದಾ ಅಂದರೆ, ಬೇಡ, ಸುಟ್ಟು ಕರಿಯಾಗುತ್ತದೆ.

ಈಗ ಸಣ್ಣ ಜಾಲರಿಯನ್ನು ಕ್ಯಾಪಿನ ಬಾಯಿಗಿಂತ ನಾಲ್ಕೈದು ಮಿಲಿಮೀಟರ್ ದೊಡ್ಡದಾಗಿ ದುಂಡಗೆ ಕತ್ತರಿಸಿ, ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ. ಅಂಚು ಮೇಲಕ್ಕೆ ಬಾಗಿ, ತಂತಿಯ ತುದಿಗಳು ಥ್ರೆಡ್‌ನ ಗೆರೆಗಳಿಗೆ ಕಚ್ಚಿಕೊಳ್ಳುತ್ತವೆ. ಕ್ಯಾಪನ್ನು ಬೋರಲು ಹಾಕಿ ತಟ್ಟಿದರೂ ಬೀಳಬಾರದು. ಒಲೆ ಆಕಸ್ಮಿಕವಾಗಿ ಉರುಳಿದರೂ ಸ್ಪಿರಿಟ್ ಒಮ್ಮೆಲೇ ಚೆಲ್ಲಿಹೋಗದಂತೆ ಈ ವೂಲ್ ಮತ್ತು ಜಾಲರಿ ತಡೆಯುತ್ತವೆ. ಬರೀ ಬಟ್ಟಲಿನಲ್ಲಿ ಉರಿಸುವುದಕ್ಕಿಂತ ಇದು ಮೇಲು ಅನ್ನುವುದು ಇದಕ್ಕೇ.

ಮುಂದಿನದು ಪಾತ್ರೆಯ ಸ್ಟ್ಯಾಂಡ್. ಬರ್ನರ್‌ನ ಬಾಯಿಯಿಂದ ಪಾತ್ರೆಯ ತಳಕ್ಕೆ ಮೂರರಿಂದ ನಾಲ್ಕು ಸೆಂಟಿಮೀಟರ್ ಇರಲಿ. ಕಡಿಮೆಯಾದರೆ ಗಾಳಿ ಸಾಲದೆ ಬೆಂಕಿ ಸೊರಗುತ್ತದೆ, ಘಾಟು ವಾಸನೆ ಬರುತ್ತದೆ. ಜಾಸ್ತಿಯಾದರೆ ಶಾಖ ಅಕ್ಕಪಕ್ಕ ಹೋಗುತ್ತದೆ. ಕ್ಯಾಪಿನ ಎತ್ತರಕ್ಕೆ ಮೂರೂವರೆ ಸೆಂಟಿಮೀಟರ್ ಸೇರಿಸಿ ಗಟ್ಟಿ ಜಾಲರಿಯನ್ನು ಪಟ್ಟಿಯಾಗಿ ಕತ್ತರಿಸಿ. ಒಂಬತ್ತು ಸೆಂಟಿಮೀಟರ್ ಅಗಲದ ಬಳೆಯಾಗಿ ಸುತ್ತಬೇಕೆಂದರೆ ಪಟ್ಟಿ 30 ಸೆಂಟಿಮೀಟರ್ ಉದ್ದ ಇರಬೇಕು. ತುದಿಗಳನ್ನು ತಂತಿಯಿಂದ ಬಿಗಿದು, ಚುಚ್ಚುವ ಮೊನೆಗಳನ್ನು ಅರದಿಂದ ಉಜ್ಜಿ.

ಗಾಳಿತಡೆಗೆ ಅಲ್ಯೂಮಿನಿಯಂ ತಗಡನ್ನು ಪಾತ್ರೆಯ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಬಳಸಿ. ಎತ್ತರ ಪಾತ್ರೆಯ ಅರ್ಧ ಮಟ್ಟಕ್ಕಾದರೂ ಬರಲಿ. ಕೆಳ ಅಂಚಿನಲ್ಲಿ ಗಾಳಿಗೆ ಸಾಲಾಗಿ ತೂತು ಮಾಡಿ. ಇದನ್ನು ಹಾಕದೆ ಬಯಲಲ್ಲಿ ಉರಿಸಿದರೆ ಸ್ಪಿರಿಟ್ ಖಾಲಿಯಾದರೂ ನೀರು ಕುದಿಯದೇ ಹೋಗಬಹುದು. ಸ್ಪಿರಿಟ್‌ನ ಬೆಂಕಿ ಅಷ್ಟು ಮೆತ್ತಗೆ. ಲೆಕ್ಕ ಹಾಕಿ ನೋಡಿ: ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು ಸುಮಾರು 167 ಕಿಲೋಜೂಲ್ ಸಾಕು. 20 ಮಿಲಿಲೀಟರ್ ಸ್ಪಿರಿಟ್‌ನಲ್ಲಿ 400 ಕಿಲೋಜೂಲ್ ಹತ್ತಿರ ಇದೆ. ಅಂದರೆ ಅಷ್ಟು ಸ್ಪಿರಿಟ್‌ನಲ್ಲಿ ನೀರು ಕುದಿದರೂ ಅರ್ಧಕ್ಕಿಂತ ಜಾಸ್ತಿ ಶಾಖ ಗಾಳಿಗೇ ಹೋಯಿತು ಅಲ್ವಾ?

ಇಂಧನ ಯಾವುದು ಅನ್ನುವುದರಲ್ಲಿ ಎಡವಟ್ಟಾಗಬಾರದು. ಮರಗೆಲಸದವರು ಪಾಲಿಶ್‌ಗೆ ಬಳಸುವ ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲಾಗದಂತೆ ಬೆರಕೆ ಮಾಡಿದ ಆಲ್ಕೋಹಾಲ್ ಬೇಕು. ಅದೇ ಸಾಲಿನಲ್ಲಿಟ್ಟಿರುವ ಥಿನ್ನರ್, ಟರ್ಪೆಂಟೈನ್, ಪೆಟ್ರೋಲ್ ಇದಕ್ಕೆ ಖಂಡಿತ ಹಾಕಬಾರದು. ಸ್ಪಿರಿಟ್‌ನಲ್ಲಿ ಮೆಥನಾಲ್ ಬೆರೆಸಿರುವುದುಂಟು, ಅದು ಕುಡಿದರೆ ಕಣ್ಣು, ಪ್ರಾಣ ಎರಡೂ ಹೋಗುವ ವಿಷ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಬೇರೆ ಬಾಟಲಿ, ಅದರ ಮೇಲೆ ದಪ್ಪ ಅಕ್ಷರ.

ಮೊದಲ ಸಲ ಬಯಲಿನಲ್ಲಿ, ಕಲ್ಲಿನ ಮೇಲಿಟ್ಟು, ಪಾತ್ರೆ ಇಲ್ಲದೆ ಉರಿಸಿ. ಗ್ಲಾಸ್ ವೂಲ್‌ನ ಅಂಟು ಸುಟ್ಟು ವಾಸನೆ ಬರುತ್ತದೆ, ಒಮ್ಮೆ ಹೋದರೆ ಹೋಯಿತು. ಪ್ರತಿ ಸಲವೂ ಸಿರಿಂಜಿನಲ್ಲಿ ಅಳೆದು 20 ಮಿಲಿಲೀಟರ್ ಹಾಕಿ, ಜಾಲರಿಯ ಮೇಲೆ ನಿಂತರೆ ಅಲ್ಲಿಗೇ ನಿಲ್ಲಿಸಿ. ಬಾಟಲಿಗೆ ಮುಚ್ಚಳ ಹಾಕಿ ದೂರ ಇಟ್ಟ ಮೇಲೆಯೇ ಕಡ್ಡಿ ಗೀರಿ. ಹೊತ್ತಿದ ಕೂಡಲೇ ಉರಿ ಸಣ್ಣಗಿರುತ್ತದೆ. ಹಿತ್ತಾಳೆ ಕಾಯಲು ಅರ್ಧ, ಮುಕ್ಕಾಲು ನಿಮಿಷ ಬೇಕು, ಆಮೇಲೆ ಉರಿ ಏಳುತ್ತದೆ. ಎರಡನೇ ಸಲದಿಂದ ಪಾತ್ರೆ ಇಡುವುದು ಆಗ. ಚಳಿ 13 ಡಿಗ್ರಿಗಿಂತ ಕೆಳಗಿದ್ದರೆ ಸ್ಪಿರಿಟ್ ಹೊತ್ತಿಕೊಳ್ಳಲು ಸತಾಯಿಸುತ್ತದೆ, ಬಾಟಲಿಯನ್ನು ಸ್ವಲ್ಪ ಹೊತ್ತು ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಳ್ಳಿ.

ದೊಡ್ಡ ಅಪಾಯ ಇರುವುದು ಇಲ್ಲಿ. ಹಗಲು ಬೆಳಕಲ್ಲಿ ಸ್ಪಿರಿಟ್‌ನ ಬೆಂಕಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿದರೆ ಉರಿ ಧಾರೆ ಹಿಡಿದು ಬಾಟಲಿಗೇ ಏರುತ್ತದೆ. ಆರಿದೆಯೋ ಇಲ್ಲವೋ ನೋಡಲು ಒಣ ಹುಲ್ಲುಕಡ್ಡಿಯನ್ನು ಮೇಲೆ ಹಿಡಿಯಿರಿ. ಆರಿದ್ದರೂ ಕ್ಯಾಪ್ ಬರಿಗೈಗೆ ತಣ್ಣಗಾಗುವವರೆಗೆ ಕಾದು ಆಮೇಲೆ ತುಂಬಿಸಿ. ನಡುವೆ ಆರಿಸಬೇಕಾದರೆ ಊದಬೇಡಿ, ಅಗಲವಾದ ಸ್ಟೀಲ್ ಲೋಟವನ್ನು ಇಕ್ಕಳದಲ್ಲಿ ಹಿಡಿದು ಬೋರಲು ಮುಚ್ಚಿ. ಪಕ್ಕದಲ್ಲೊಂದು ಬಕೆಟ್ ನೀರೂ ಇರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುತ್ತದೆ, ಧಾರಾಳವಾಗಿ ಸುರಿದರೆ ಆರುತ್ತದೆ. ಟೆಂಟಿನೊಳಗೆ ಮಾತ್ರ ಎಷ್ಟೇ ಮಳೆ ಬರಲಿ ಹಚ್ಚಬೇಡಿ. ಬೆಂಕಿಯ ಭಯ ಒಂದಾದರೆ, ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು.

ಬಳಸುತ್ತಾ ಹೋದಂತೆ ಮೇಲ್ಪದರದ ವೂಲ್ ಗಟ್ಟಿಯಾಗಿ, ಉರಿ ಒಂದೇ ಕಡೆ ಏಳತೊಡಗುತ್ತದೆ. ಆಗ ಜಾಲರಿಯನ್ನು ಪ್ಲೈಯರ್‌ನಿಂದ ಎತ್ತಿ, ವೂಲ್ ಬದಲಿಸಿ, ಜಾಲರಿಯನ್ನು ಮತ್ತೆ ಒತ್ತಿ ಕೂರಿಸಿದರಾಯಿತು.