ಅಪ್ರೆಂಟಿಸ್ ಹುಡುಗರಿಗೆ ನಾನು ಮೊದಲು ಕಲಿಸುವುದು

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನುಗಳ) ಘಟಕದಲ್ಲಿ ನಾನು ಸೂಪರ್‌ವೈಸರ್. ಐಟಿಐ, ಡಿಪ್ಲೊಮಾ ಮುಗಿಸಿದವರು ಪ್ರತಿ ವರ್ಷ ಅಪ್ರೆಂಟಿಸ್ ಆಗಿ ಬರುತ್ತಾರೆ. ಇನ್‌ಶರ್ಟ್ ಮಾಡಬೇಕು, ಇಂಗ್ಲಿಷಿನಲ್ಲಿ ಮಾತಾಡಬೇಕು ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಅದೆಲ್ಲ ತಾನಾಗೇ ಬರುತ್ತದೆ. ಕೆಲಸ ಕೆಟ್ಟಾಗ ಯಾರೂ ಕೇಳುವ ಮೊದಲೇ ಬಂದು ಹೇಳುವುದನ್ನು ಮಾತ್ರ ಕೂತು ಕಲಿಸಬೇಕು.

ನಮ್ಮಲ್ಲಿ 25 ಮಿಲಿಮೀಟರ್ ವ್ಯಾಸದ ಒಂದು ಶಾಫ್ಟ್ ತಯಾರಾಗುತ್ತದೆ, ಎಚ್6 ಟಾಲರೆನ್ಸ್ (ಅಳತೆಯಲ್ಲಿ ಬಿಡುವ ವ್ಯತ್ಯಾಸ). ಅಂದರೆ ಅಳತೆ 25ಕ್ಕಿಂತ ಒಂದಿಷ್ಟೂ ಹೆಚ್ಚಾಗಬಾರದು, 25ರಿಂದ 0.013 ಮಿಲಿಮೀಟರಿಗಿಂತ ಕೆಳಗೂ ಇಳಿಯಬಾರದು. ಲೋಹ ಕೊರೆಯುವ ಅಲಗು, ಅಂದರೆ ಇನ್ಸರ್ಟ್, ಸವೆಯುತ್ತಾ ಹೋದಂತೆ ವ್ಯಾಸ ಮೆಲ್ಲಗೆ ದಪ್ಪವಾಗುತ್ತದೆ. ಹುಡುಗ ಗಮನಿಸದೆ ಹತ್ತು ಪೀಸ್ ತೆಗೆದಿರುತ್ತಾನೆ. ಗೊತ್ತಾದ ಮೇಲೆ ಅವನ ಕೈ ಮೊದಲು ಹೋಗುವುದೇ ಲೋಹದ ಚೂರು ಬೀಳುವ ಚಿಪ್ ಟ್ರೇ ಕಡೆಗೆ, ಬಚ್ಚಿಡಲಿಕ್ಕೆ. ಅವನು ಕಳ್ಳನಲ್ಲ. ತಪ್ಪು ಒಪ್ಪಿಕೊಂಡರೆ ಏಟು ಬೀಳುತ್ತದೆ ಅಂತ ಶಾಲೆಯಲ್ಲೇ ಕಲಿತು ಬಂದಿದ್ದಾನೆ.

ಹಾಗಾಗಿ ಪಾಠ ಶುರುವಾಗುವುದು ಹಿರಿಯರಿಂದ. ಕೆಟ್ಟಿದೆ ಅಂತ ಟ್ಯಾಗ್ ಕಟ್ಟಿ ಕೆಂಪು ಡಬ್ಬಕ್ಕೆ ಹಾಕಿದ ಪೀಸಿನ ಬಗ್ಗೆ ಯಾರೂ ಕೂಗಾಡುವಂತಿಲ್ಲ ಅಂತ ಆಪರೇಟರ್‌ಗಳಿಗೂ ಕ್ವಾಲಿಟಿಯವರಿಗೂ ಮೊದಲೇ ಹೇಳಿರುತ್ತೇನೆ. ಒಬ್ಬ ಹಿರಿಯ ಎಲ್ಲರೆದುರು ಒಮ್ಮೆ ಬೈದರೆ ಸಾಕು, ಆ ಬ್ಯಾಚಿನವರು ಆಮೇಲೆ ಯಾರೂ ಬಾಯಿಬಿಡುವುದಿಲ್ಲ. ಟ್ಯಾಗ್ ಹಿಡಿದು ಬಂದವನ ಜೊತೆ ನಾನೇ ಮಷೀನ್ ಹತ್ತಿರ ಹೋಗಿ ಯಾವ ಪೀಸಿನಿಂದ ಅಳತೆ ಜಾರಿತು ಅಂತ ಮೈಕ್ರೋಮೀಟರ್ ಹಿಡಿದು ಹಿಂದಕ್ಕೆ ಹುಡುಕುತ್ತೇನೆ. ಎಷ್ಟು ಪೀಸಿಗೊಮ್ಮೆ ಅಳೆಯಬೇಕು ಅಂತ ಆಮೇಲೆ ನಾನು ಹೇಳಬೇಕಾಗಿಯೇ ಇಲ್ಲ, ಅವನೇ ಹೇಳುತ್ತಾನೆ.

ಇನ್ನೊಂದು, ‘ಸರಿ ಸರ್’. ‘ಅರ್ಥ ಆಯ್ತಾ?’ ಅಂತ ಕೇಳಿದರೆ ನಮ್ಮ ಮಕ್ಕಳು ಎಂದೂ ‘ಇಲ್ಲ’ ಅನ್ನುವುದಿಲ್ಲ. ದೊಡ್ಡವರಿಗೆ ಎದುರಾಡಿದಂತೆ ಅನಿಸುತ್ತದೆ. ಅದಕ್ಕೇ ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ‘ಈಗ ಹೋಗಿ ಮೊದಲು ಏನು ಮಾಡ್ತೀಯ, ಹೇಳು’ ಅನ್ನುತ್ತೇನೆ. ತಡವರಿಸಿದ ಜಾಗದಲ್ಲೇ ಅವನಿಗೆ ಗೊತ್ತಾಗದ್ದು ಇರುತ್ತದೆ.

ಶಿಫ್ಟ್ ಲಾಗ್ ಪುಸ್ತಕವನ್ನು ಕನ್ನಡದಲ್ಲೇ ಬರೆಯಿರಿ ಅಂದಿದ್ದೇನೆ. ಇಂಗ್ಲಿಷಿನಲ್ಲಿ ಬರೆಸುತ್ತಿದ್ದಾಗ ‘ಮಷೀನ್ ಓಕೆ’ ಅಂತಷ್ಟೇ ಇರುತ್ತಿತ್ತು. ಈಗ ‘ಇನ್ಸರ್ಟ್ ಬದಲಾಯಿಸಿದೆ, ಎಕ್ಸ್ ಆಫ್‌ಸೆಟ್‌ನಲ್ಲಿ ಮೈನಸ್ 0.005 ಕೊಟ್ಟಿದೀನಿ, ಮೊದಲ ಪೀಸ್ ಅಳೆದು ನೋಡಿ’ ಅಂತ ಬರೆಯುತ್ತಾರೆ (ಆಫ್‌ಸೆಟ್ ಅಂದರೆ ಟೂಲಿನ ಜಾಗಕ್ಕೆ ಮಷೀನಿನಲ್ಲಿ ಕೊಡುವ ಸಣ್ಣ ತಿದ್ದುಪಡಿ). ಮುಂದಿನ ಶಿಫ್ಟಿನವನಿಗೆ ಬೇಕಾದದ್ದು ಇದೇ. ಇಂಗ್ಲಿಷ್ ಬೇಡ ಅಂತಲ್ಲ, ಡ್ರಾಯಿಂಗ್ ಓದಲಿಕ್ಕೆ ಬೇಕೇ ಬೇಕು, ಅದನ್ನು ಬೇರೆಯಾಗಿ ಹೇಳಿಕೊಡುತ್ತೇನೆ.

ರಜೆ ವಿಷಯ: ಬೆಳಗಿನ ಆರರ ಶಿಫ್ಟಿಗೆ ಬರಲಾಗದಿದ್ದರೆ ಹಿಂದಿನ ರಾತ್ರಿಯೇ ಫೋನ್, ಮೆಸೇಜ್ ಅಲ್ಲ.

ಇಷ್ಟೆಲ್ಲಕ್ಕೂ ಸಮಯ ಬೇಕು, ಆ ಸಮಯವನ್ನು ಕಂಪನಿಯೇ ಕೊಡಬೇಕು. ಎರಡು ಶಿಫ್ಟಿನವರು ಮಷೀನ್ ಮುಂದೆ ಒಟ್ಟಿಗೆ ನಿಂತು ಮಾತಾಡಲಿಕ್ಕೆ 10 ನಿಮಿಷ ಬೇಕು, ಅದನ್ನು ಸಂಬಳದ ಸಮಯದಲ್ಲೇ ಲೆಕ್ಕ ಹಿಡಿಯಬೇಕು ಅಂತ ಮಾಲೀಕರ ಬೆನ್ನು ಹತ್ತಿ ಒಪ್ಪಿಸಿದೆ. ಬಿಟ್ಟಿಯಾಗಿ ಹತ್ತು ನಿಮಿಷ ನಿಲ್ಲಿಸಿಕೊಂಡು ಜವಾಬ್ದಾರಿಯ ಮಾತಾಡಲು ನನಗೆ ಬಾಯಿ ಬರುವುದಿಲ್ಲ.