ಬಿ.ಎಡ್‌ಗೆ ಹೊರಟವರಿಗೆ: ಚಾರ್ಟು, ಚಾಕ್‌ಪೀಸು, ಒಂದು ಟನ್ ಕಬ್ಬು

ಮೊದಲು ಒಂದು ಪಿವಿಸಿ ಪೈಪು ಹುಡುಕಿ. ಎರಡೂವರೆ ಅಡಿ ಉದ್ದ, ಮೂರಿಂಚು ಅಗಲ. ಗದ್ದೆ ಇರುವ ಮನೆಯಾದರೆ ಪಂಪ್‌ಸೆಟ್ ಹತ್ತಿರ ಇಂಥ ತುಂಡು ಬಿದ್ದೇ ಇರುತ್ತದೆ. ಎರಡು ಬಾಯಿಗೂ ಪ್ಲಾಸ್ಟಿಕ್ ಕವರು ಕಟ್ಟಿದರೆ ನಿಮ್ಮ ಚಾರ್ಟುಗಳಿಗೆ ಮನೆ ಸಿದ್ಧ. ನಾನು ಎರಡು ರಾತ್ರಿ ಕೂತು ಬರೆದ ವೃತ್ತದ ಭಾಗಗಳ ಚಾರ್ಟು ಪಾಂಡವಪುರ ಸ್ಟೇಷನ್ನಿನಲ್ಲಿ ಹತ್ತಿದ ಜನದ ನಡುವೆ ಸಿಕ್ಕಿ, ನಾಗನಹಳ್ಳಿ ದಾಟುವಷ್ಟರಲ್ಲಿ ದೋಸೆ ಮಡಿಚಿದಂತೆ ಆಗಿಹೋಗಿತ್ತು. ಮಾರನೇ ದಿನ ನಮ್ಮಪ್ಪ ಏನೂ ಮಾತಾಡದೆ ಪೈಪು ಕುಯ್ದು ಕೊಟ್ಟರು. ಎರಡು ವರ್ಷದ ಓದಿನಲ್ಲಿ ನನಗೆ ಸಿಕ್ಕ ಅತ್ಯುತ್ತಮ ಬೋಧನೋಪಕರಣ ಅದೇ.

ನಾನು ಮಂಡ್ಯ ಕಡೆಯವಳು. ಬಿಎಸ್ಸಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮುಗಿಸಿ ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಡ್ ಮಾಡಿದೆ. ದಿನಾ ರೈಲಲ್ಲೇ ಓಡಾಟ. ಈಗ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಪ್ರತಿ ವರ್ಷ ಊರಿನ ಯಾರಾದರೂ ಹುಡುಗಿ ಬಂದು ‘ಅಕ್ಕ, ಬಿ.ಎಡ್ ಹೆಂಗಿರತ್ತೆ, ಕಷ್ಟವಾ’ ಅಂತ ಕೇಳುತ್ತಾಳೆ. ಹೇಳಿ ಹೇಳಿ ಬಾಯಿಪಾಠವಾಗಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೇಳುವವಳು ಇನ್ನೂ ಪಿಯುಸಿಯಲ್ಲಿದ್ದರೆ ಮೊದಲು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಪಕ್ಕದ ಆರ್‌ಐಇ (ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್) ಕಡೆ ಕೈ ತೋರಿಸುತ್ತೇನೆ. ಎನ್‌ಸಿಇಆರ್‌ಟಿಗೆ ಸೇರಿದ ಆ ಸಂಸ್ಥೆ 1963ರಿಂದ ಇದೆ. ಅಲ್ಲಿ ಪಿಯುಸಿ ಆದ ಮೇಲೆ ನಾಲ್ಕೇ ವರ್ಷದಲ್ಲಿ ಡಿಗ್ರಿಯೂ ಬಿ.ಎಡ್ಡೂ ಒಟ್ಟಿಗೆ ಮುಗಿಯುತ್ತದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಆವರಣದಲ್ಲೇ ಡೆಮಾನ್‌ಸ್ಟ್ರೇಷನ್ ಸ್ಕೂಲ್ ಇದೆ. ನನಗೆ ಇದು ಗೊತ್ತಾದದ್ದು ಡಿಗ್ರಿ ಕೊನೇ ವರ್ಷದಲ್ಲಿ. ನಲವತ್ತೈವತ್ತು ಕಿಲೋಮೀಟರ್ ದೂರದ ಊರಲ್ಲಿ ಕೂತಿದ್ದರೂ ಯಾರೂ ಹೇಳಿರಲಿಲ್ಲ.

ಡಿಗ್ರಿ ಆದವರಿಗೆ ಎರಡು ವರ್ಷದ ಬಿ.ಎಡ್. ಹಿಂದೆ ಒಂದೇ ವರ್ಷವಿತ್ತು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮಾವಳಿ ಬಂದು 2015ರಿಂದ ಎರಡಾಯಿತು. ‘ನಮ್ ಕಾಲದಲ್ಲಿ ಒಂದೇ ವರ್ಷ’ ಅನ್ನುವ ಮೇಷ್ಟ್ರು ನಿಮಗೆ ಸಿಕ್ಕೇ ಸಿಗುತ್ತಾರೆ, ನಕ್ಕು ಸುಮ್ಮನಿರಿ. ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಬೇಕು, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಎನ್‌ಸಿಟಿಇ ಮಾನ್ಯತೆ ಇದೆಯಾ, ನಿಮ್ಮ ಎರಡೂ ಬೋಧನಾ ವಿಷಯಕ್ಕೆ ಮೇಷ್ಟ್ರಿದ್ದಾರಾ, ಇಂಟರ್ನ್‌ಶಿಪ್‌ಗೆ ಯಾವ ಶಾಲೆಗಳಿಗೆ ಕಳಿಸುತ್ತಾರೆ, ಈ ಮೂರನ್ನು ಸೀನಿಯರ್‌ಗಳ ಹತ್ತಿರ ಕೇಳಿ. ‘ಬರದಿದ್ದರೂ ನಡೆಯುತ್ತೆ, ಅಟೆಂಡೆನ್ಸ್ ನಾವು ನೋಡ್ಕೋತೀವಿ’ ಅನ್ನುವ ಜಾಗಕ್ಕೆ ಹೋಗಲೇಬೇಡಿ. ಫೀಸೂ ಹೋಗುತ್ತದೆ, ಪಾಠ ಮಾಡುವುದೂ ಬರುವುದಿಲ್ಲ.

ಮೊದಲ ಸೆಮಿಸ್ಟರಿನಲ್ಲೇ ಎದುರಾಗುವುದು ಸೂಕ್ಷ್ಮ ಬೋಧನೆ, ಮೈಕ್ರೋ ಟೀಚಿಂಗ್. ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು, ಹೀಗೆ. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ತಿದ್ದಿ ಬರೆಯಲು, ಮತ್ತೆ ಆರು ಪಾಠ, ಆರು ವಿಮರ್ಶೆ. ಒಟ್ಟು 36 ನಿಮಿಷದ ಚಕ್ರ. ಮಕ್ಕಳ ಜಾಗದಲ್ಲಿ ಕೂರುವವರು ನಿಮ್ಮ ಸಹಪಾಠಿಗಳೇ, ತಮಾಷೆಯೂ ತೊಂದರೆಯೂ ಅಲ್ಲೇ. ಮದುವೆಯಾಗಿ ಎರಡು ಮಕ್ಕಳಿರುವವರು ಏಳನೇ ಕ್ಲಾಸಿನ ಹುಡುಗಿಯಂತೆ ಕೈ ಎತ್ತಿ ‘ಮಿಸ್, ಪೂರ್ಣಾಂಕ ಅಂದ್ರೆ ಏನು’ ಅನ್ನುತ್ತಾರೆ. ಎಲ್ಲರಿಗೂ ಉತ್ತರ ಗೊತ್ತು, ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ, ನೀವು ‘ವೆರಿ ಗುಡ್’ ಅಂದು ಪುನರ್ಬಲನ (ಮೆಚ್ಚಿ ಹುರಿದುಂಬಿಸುವ) ಕೌಶಲಕ್ಕೆ ಟಿಕ್ ಹಾಕಿಸಿಕೊಳ್ಳುತ್ತೀರಿ. ಇದರಿಂದ ಪ್ರಯೋಜನ ಆಗಬೇಕಾದರೆ ಒಂದು ಉಪಾಯವಿದೆ. ಒಬ್ಬ ಗೆಳತಿಗೆ ಮೊದಲೇ ಹೇಳಿಟ್ಟುಕೊಳ್ಳಿ: ನೀನು ಬೇಕಂತಲೇ ತಪ್ಪು ಉತ್ತರ ಹೇಳು, ಯಾವ ತಪ್ಪು ಅಂತ ನನಗೆ ಹೇಳಬೇಡ. ನನ್ನ ಗೆಳತಿ ಎದ್ದುನಿಂತು ‘ಮೈನಸ್ ಮೂರು ಮೈನಸ್ ಐದಕ್ಕಿಂತ ಚಿಕ್ಕದು ಮಿಸ್, ಮೂರು ಚಿಕ್ಕದಲ್ವಾ’ ಅಂದಳು. ನಾನು ಒಂದು ನಿಮಿಷ ಬೆಪ್ಪಾಗಿ ನಿಂತೆ. ಆ ಒಂದು ನಿಮಿಷವೇ ಆ ದಿನದ ಕಲಿಕೆ.

ಚಾಕ್‌ಪೀಸ್ ವಿಷಯ ಯಾವ ಸಿಲಬಸ್ಸಿನಲ್ಲೂ ವಿವರವಾಗಿ ಇಲ್ಲ, ಅದಕ್ಕೇ ಹೇಳುತ್ತೇನೆ. ಹೊಸ ಚಾಕ್‌ಪೀಸ್ ಕಿರ್ರ್ ಅನ್ನುತ್ತದೆ. ಮುರಿದು ಅರ್ಧ ಮಾಡಿಕೊಂಡು ಓರೆಯಾಗಿ ಹಿಡಿದು ಬರೆದರೆ ಸದ್ದು ನಿಲ್ಲುತ್ತದೆ. ಹಲಗೆಗೆ ಪೂರ್ತಿ ಮುಖ ಕೊಟ್ಟು ನಿಂತರೆ ಹಿಂದಿನ ಬೆಂಚಿನಲ್ಲಿ ಏನು ನಡೆಯುತ್ತಿದೆ ಗೊತ್ತಾಗುವುದಿಲ್ಲ, ಓರೆಯಾಗಿ ನಿಂತು ಬರೆಯಿರಿ. ಸಾಲು ಮೇಲಕ್ಕೆ ಹತ್ತುವ ರೋಗ ನನಗಿತ್ತು. ಬಾಗಿಲ ಹಿಂಬದಿಯಲ್ಲಿ ಹದಿನೈದು ದಿನ ಬರೆದು ಬಿಡಿಸಿಕೊಂಡೆ. ಬರೆಯುವಾಗ ಕಾಲೂ ಜೊತೆಗೆ ಸರಿಯಬೇಕು, ಅಷ್ಟೇ ಗುಟ್ಟು. ಒಂದೇ ಕಡೆ ನಿಂತು ಕೈ ಚಾಚಿದರೆ ಸಾಲು ಡೊಂಕಾಗುತ್ತದೆ.

ಆಮೇಲೆ ಪಾಠಯೋಜನೆ. ಇದಕ್ಕೆ ಅದರದೇ ಒಂದು ಭಾಷೆ ಇದೆ. ‘ವಿದ್ಯಾರ್ಥಿಯು ಸ್ಮರಿಸುತ್ತಾನೆ, ಗುರುತಿಸುತ್ತಾನೆ, ಹೋಲಿಸುತ್ತಾನೆ, ಅನ್ವಯಿಸುತ್ತಾನೆ.’ ನಮ್ಮ ಊರಿನ ಯಾವ ಹುಡುಗನೂ ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಮಾಡಿದ್ದನ್ನು ನಾನು ನೋಡಿಲ್ಲ. ಆದರೂ ಬರೆಯಬೇಕು, ಬರೆಯಿರಿ. ಯೋಜನೆಯ ಚೌಕಟ್ಟು ಕೆಲವು ಕಡೆ ಶಿಕ್ಷಣತಜ್ಞ ಹರ್ಬಾರ್ಟನ ಹಂತಗಳು, ಕೆಲವು ಕಡೆ 5ಇ ಅನ್ನುವ ಐದು ಹಂತ: ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಹಳೇ ಬ್ಯಾಚಿನ ರೆಕಾರ್ಡು ಸಿಗುತ್ತದೆ, ದುಡ್ಡು ಕೊಟ್ಟರೆ ಬರೆದುಕೊಡುವವರೂ ಸಿಗುತ್ತಾರೆ. ನಮೂನೆ ನೋಡಲು ಹಳೇದನ್ನು ಇಟ್ಟುಕೊಳ್ಳಿ, ನಕಲು ಮಾತ್ರ ಬೇಡ. ಏಕೆ ಅನ್ನುವುದಕ್ಕೆ ನನ್ನದೇ ಕಥೆ ಇದೆ.

ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ ನಾಲ್ಕು, ಎರಡನೇ ವರ್ಷ ಹದಿನಾರು. ನಡುವೆ ದಸರಾ ರಜೆ ಬಂದು ಲಯ ಮುರಿಯುತ್ತದೆ, ಆ ಲೆಕ್ಕ ಇಟ್ಟುಕೊಂಡು ಘಟಕ ಹಂಚಿಕೊಳ್ಳಿ. ನಾನು ಕೇಳಿಕೊಂಡು ನಮ್ಮ ಕಡೆಯ ಸರ್ಕಾರಿ ಹೈಸ್ಕೂಲಿಗೆ ಹಾಕಿಸಿಕೊಂಡಿದ್ದೆ. ಎಂಟನೇ ತರಗತಿ, ಮೂವತ್ತೊಂದು ಮಕ್ಕಳು, ಶೇಕಡದ ಪಾಠ. ಹಳೇ ರೆಕಾರ್ಡಿನಿಂದ ಇಳಿಸಿಕೊಂಡ ನನ್ನ ಯೋಜನೆಯಲ್ಲಿ ಉದಾಹರಣೆ ಹೀಗಿತ್ತು: ಮಾಲ್‌ನಲ್ಲಿ 800 ರೂಪಾಯಿ ಶರ್ಟಿಗೆ ಶೇ. 15 ರಿಯಾಯಿತಿ. ಹಲಗೆ ಮೇಲೆ ಬರೆದೆ. ಯಾರ ಮುಖದಲ್ಲೂ ಏನೂ ಇಲ್ಲ. ಕೊನೇ ಬೆಂಚಿನಿಂದ ಒಬ್ಬ ಕೇಳಿದ, ‘ಮಿಸ್, ಶರ್ಟು ಕಮ್ಮಿಗೆ ಕೊಡಂಗಿದ್ರೆ ಮೊದ್ಲೇ ಯಾಕೆ ಜಾಸ್ತಿ ಬರೀತಾರೆ?’

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಏನೋ ಹೊಳೆದು, ‘ಯಾರ ಮನೆಯವರು ಆಲೆಮನೆಗೆ ಕಬ್ಬು ಹಾಕ್ತೀರಿ’ ಅಂದೆ. ಅರ್ಧಕ್ಕರ್ಧ ಕೈ ಮೇಲೆ. ‘ಒಂದು ಟನ್ ಕಬ್ಬಿಗೆ ಎಷ್ಟು ಬೆಲ್ಲ ಬರುತ್ತೆ?’ ‘ನೂರ್ ಕೇಜಿ ಬತ್ತದೆ ಕನ ಮಿಸ್.’ ಇನ್ನೊಬ್ಬ, ‘ನಮ್ದು ನೂರಾ ಹತ್ತು ಬಿತ್ತು.’ ಮುಂದಿನ ಬೆಂಚಿನ ಹುಡುಗಿ, ‘ಕುಯ್ಯೋ ಹೊತ್ತಲ್ಲಿ ನೀರ್ ಜಾಸ್ತಿ ಬಿಟ್ರೆ ಕಮ್ಮಿ ಆಯ್ತದೆ ಮಿಸ್, ನಮ್ದು ಎಂಬತ್ತೇ.’ ಸಾವಿರ ಕಿಲೋಗೆ ನೂರು ಅಂದರೆ ಶೇ. 10, ನೂರಾ ಹತ್ತು ಅಂದರೆ 11, ಎಂಬತ್ತು ಅಂದರೆ 8. ಮೂರೂ ಲೆಕ್ಕ ಅವರೇ ಹಲಗೆ ಮೇಲೆ ಮಾಡಿದರು. ‘ಹಾಗಾದರೆ ಇವನದ್ದು ಅವನದ್ದಕ್ಕಿಂತ ಎಷ್ಟು ಹೆಚ್ಚು?’ ಅಂತ ಕೇಳಿ, ನಾನೇ ‘ಒಂದು ಪರ್ಸೆಂಟ್’ ಅಂದುಬಿಟ್ಟೆ. ಶರ್ಟಿನ ಪ್ರಶ್ನೆ ಕೇಳಿದ್ದ ಹುಡುಗ ಬಿಡಲಿಲ್ಲ. ‘ನೂರ್ ಕೇಜಿ ಇದ್ದಿದ್ದು ನೂರಾ ಹತ್ತು ಆದ್ರೆ ಹತ್ತು ಪರ್ಸೆಂಟ್ ಜಾಸ್ತಿ ಅಲ್ವಾ ಮಿಸ್? ನೀವು ಒಂದು ಅಂತೀರಲ್ಲ.’

ಅವನು ಹೇಳಿದ್ದು ಸರಿ. ಇಳುವರಿಯ ಪ್ರಮಾಣ ಹತ್ತರಿಂದ ಹನ್ನೊಂದಕ್ಕೆ, ಒಂದೇ ಅಂಶ ಏರಿದೆ. ಬೆಲ್ಲ ಮಾತ್ರ ಹತ್ತು ಪರ್ಸೆಂಟ್ ಹೆಚ್ಚಾಗಿದೆ. ಎರಡೂ ನಿಜ, ಯಾವುದಕ್ಕೆ ಹೋಲಿಸುತ್ತೀಯ ಅನ್ನುವುದರ ಮೇಲೆ ನಿಂತಿದೆ. ಇದನ್ನು ಬಿಡಿಸಿ ಹೇಳಲು ನನಗೇ ಬೆವರು ಬಂತು, ಅಷ್ಟರಲ್ಲಿ ಬೆಲ್ ಹೊಡೆಯಿತು. ಕ್ಲಾಸು ಮಾತ್ರ ಎದ್ದು ಹೋಗಲಿಲ್ಲ.

ಇಷ್ಟೂ ಹೊತ್ತು ಹಿಂದೆ ಕೂತಿದ್ದ ವೀಕ್ಷಕರು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ‘ಪಾಠ ಯೋಜನೆಯಂತೆ ನಡೆದಿಲ್ಲ.’ ರೈಲಲ್ಲಿ ಅತ್ತೆ, ಸುಳ್ಳೇಕೆ. ಮನೆಗೆ ಬಂದು ಯೋಚಿಸಿದಾಗ ಅವರು ಬರೆದದ್ದೂ ಸುಳ್ಳಲ್ಲ ಅನ್ನಿಸಿತು. ಯೋಜನೆಯಲ್ಲಿ ಶರ್ಟಿತ್ತು, ಕ್ಲಾಸಿನಲ್ಲಿ ಕಬ್ಬಿತ್ತು.

ಹಾಗಾಗಿ ಉಪಾಯ ಇದು. ಪಾಠ ಶುರು ಮಾಡುವ ಹಿಂದಿನ ದಿನ ಮಕ್ಕಳ ಜೊತೆ ಹತ್ತು ನಿಮಿಷ ಬೇರೆ ಮಾತಾಡಿ: ಅಪ್ಪ ಏನು ಮಾಡ್ತಾರೆ, ಸಂತೆಗೆ ಏನು ತಗೊಂಡು ಹೋಗ್ತೀರಿ, ಡೈರಿಗೆ ಎಷ್ಟು ಹಾಲು ಹಾಕ್ತೀರಿ. ಬಿಸಿಯೂಟದ ಸಾಲು ಅದಕ್ಕೆ ಒಳ್ಳೇ ಜಾಗ. ಸಿಕ್ಕಿದ ಅಂಕಿಗಳನ್ನು ಆ ರಾತ್ರಿಯೇ ಯೋಜನೆಯೊಳಗೆ ಬರೆಯಿರಿ. ಅದರ ಜೊತೆಗೆ ಚಟುವಟಿಕೆಯ ಕಾಲಮ್ಮಿನಲ್ಲಿ ಒಂದು ಸಾಲು ಇರಲಿ: ‘ವಿದ್ಯಾರ್ಥಿಗಳು ತಮ್ಮ ಮನೆಯ ಲೆಕ್ಕವನ್ನು ಹೇಳುತ್ತಾರೆ, ಶಿಕ್ಷಕಿ ಅದನ್ನೇ ಮುಂದುವರಿಸುತ್ತಾಳೆ.’ ಈಗ ಪಾಠ ಯಾವ ದಾರಿ ಹಿಡಿದರೂ ಅದು ಯೋಜನೆಯಂತೆಯೇ. ಮುಂದಿನ ವೀಕ್ಷಣೆಯಲ್ಲಿ ಡೈರಿ ಹಾಲಿನ ಫ್ಯಾಟ್ ಮೇಲೆ ಸರಾಸರಿ ಹೇಳಿಕೊಟ್ಟೆ. ಅದೇ ಕೆಂಪು ಶಾಯಿಯಲ್ಲಿ ‘ಉತ್ತಮ’ ಬಿತ್ತು.

ಶಾಲೆಯಲ್ಲಿ ನಿಮ್ಮನ್ನು ‘ಬಿ.ಎಡ್ ಮಿಸ್’ ಅನ್ನುತ್ತಾರೆ. ಯಾವ ಟೀಚರ್ ರಜೆ ಹಾಕಿದರೂ ಆ ಕ್ಲಾಸಿಗೆ ನೀವೇ. ಕಂಪ್ಯೂಟರ್ ಗೊತ್ತಿದ್ದರಂತೂ ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ನಿಮ್ಮ ತಲೆಗೆ. ಮಾಡಿ, ಶಾಲೆ ಹೇಗೆ ನಡೆಯುತ್ತದೆ ಅಂತ ಗೊತ್ತಾಗುವುದು ಆಫೀಸ್ ರೂಮಿನಲ್ಲೇ. ಆದರೆ ನಿಮ್ಮ ಪೀರಿಯಡ್ಡಿನಲ್ಲಿ ಕರೆದರೆ ‘ಪಾಠ ಮುಗಿಸಿ ಬರ್ತೀನಿ ಸರ್’ ಅನ್ನುವುದನ್ನು ಮೊದಲ ವಾರವೇ ರೂಢಿಸಿಕೊಳ್ಳಿ. ಎರಡನೇ ತಿಂಗಳಲ್ಲಿ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುವುದನ್ನು ಎರಡನೇ ವರ್ಷದಲ್ಲೇ ಶುರು ಮಾಡಿ. ಆರರಿಂದ ಎಂಟನೇ ತರಗತಿಯವರೆಗಿನ ಹುದ್ದೆಗೆ ಎರಡನೇ ಪತ್ರಿಕೆ: 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ಗಣಿತ ವಿಜ್ಞಾನ 60, ಎರಡು ಭಾಷೆ ತಲಾ 30, ಮಗುವಿನ ವಿಕಾಸ ಮತ್ತು ಬೋಧನಾಶಾಸ್ತ್ರ 30. ನಮ್ಮಂಥ ಪಿಸಿಎಂನವರು ಎಡವುವುದು ಇಂಗ್ಲಿಷಿನಲ್ಲಿ, ಅದಕ್ಕೇ ಹೆಚ್ಚು ಹೊತ್ತು ಕೊಡಿ. ಮಕ್ಕಳ ಕಲಿಕೆಯ ಬಗ್ಗೆ ಬರೆದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್ಸ್ಕಿ ಬಾಯಿಪಾಠ ಬೇಡ, ನಿಮ್ಮ ಕ್ಲಾಸಿನ ಯಾವುದಾದರೂ ಮಗುವಿಗೆ ಗಂಟು ಹಾಕಿಟ್ಟುಕೊಳ್ಳಿ. ಮಗು ಒಂಟಿಯಾಗಿ ಮಾಡಲಾಗದ್ದನ್ನು ಇನ್ನೊಬ್ಬರ ನೆರವಿನಿಂದ ಮಾಡಬಲ್ಲ ಆ ನಡುವಿನ ಜಾಗ ಅಂತ ವೈಗೋಟ್ಸ್ಕಿ ಹೇಳಿದ್ದು ಓದಿದಾಗೆಲ್ಲ ನನಗೆ ಆ ಕೊನೇ ಬೆಂಚಿನ ಹುಡುಗ ನೆನಪಾಗುತ್ತಾನೆ. ಏನು ಮಾಡುವುದು, ಅವತ್ತು ನೆರವು ಪಡೆದವಳು ನಾನು.

ಕೊನೆಯದಾಗಿ ಸಹಿಗಳು. ಹಾಜರಾತಿ, ಪಾಠಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ, ಪ್ರಕರಣ ಅಧ್ಯಯನ, ಎಲ್ಲದಕ್ಕೂ ಹೆಚ್.ಎಂ. (ಮುಖ್ಯ ಶಿಕ್ಷಕರ) ಸಹಿ ಮತ್ತು ಶಾಲೆಯ ಸೀಲು ಬೇಕು. ಇದನ್ನು ಕೊನೇ ದಿನಕ್ಕೆ ಇಡಬೇಡಿ. ವಾರ ವಾರ ಶನಿವಾರ ಬೆಳಗ್ಗೆ ಹಾಕಿಸಿಕೊಳ್ಳಿ. ನಮ್ಮ ಬ್ಯಾಚಿನವಳೊಬ್ಬಳ ಹೆಚ್.ಎಂ. ಕೊನೇ ವಾರದಲ್ಲಿ ವರ್ಗವಾಗಿ ಹೋದರು, ಅವಳು ಹದಿನಾರು ವಾರದ ಸಹಿಗೆ ಎರಡು ಬಸ್ಸು ಬದಲಿಸಿ ಇನ್ನೊಂದು ತಾಲ್ಲೂಕಿಗೆ ಹೋಗಿಬಂದಳು. ಸೀಲು ಶಾಲೆಯಲ್ಲಿರುತ್ತದೆ, ಆದರೆ ಪ್ಯಾಡ್ ಒಣಗಿರುತ್ತದೆ. ನೇರಳೆ ಶಾಯಿಯ ಒಂದು ಪುಟ್ಟ ಬಾಟಲಿ ಬ್ಯಾಗಿನಲ್ಲಿರಲಿ, ಆದರೆ ರೆಕಾರ್ಡಿನ ಜೊತೆ ಒಂದೇ ಖಾನೆಯಲ್ಲಿ ಬೇಡ.