ರ‍್ಯಾಟಲ್‌ಸ್ನೇಕ್ ಎದುರಾದರೆ ಫೋಟೊ ತೆಗೆಯುವುದು ಹೇಗೆ?

ಬಾಲದ ಗಿಲಕಿ ಆಡಿಸಿ ಸದ್ದು ಮಾಡುವ ವಿಷದ ಹಾವು ಇದು. ಅಮೆರಿಕದ ಅರಿಜೋನಾದಲ್ಲಿ 13 ಜಾತಿಯ ರ‍್ಯಾಟಲ್‌ಸ್ನೇಕ್‌ಗಳಿವೆ. ಫೀನಿಕ್ಸ್, ಟೂಸಾನ್ ಸುತ್ತಲಿನ ಗುಡ್ಡಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ವೆಸ್ಟರ್ನ್ ಡೈಮಂಡ್‌ಬ್ಯಾಕ್: ಬೂದುಗಂದು ಮೈ, ಬೆನ್ನುದ್ದಕ್ಕೂ ವಜ್ರಾಕಾರದ ಮಚ್ಚೆ, ಬಾಲಕ್ಕೆ ಕಪ್ಪು-ಬಿಳಿ ಪಟ್ಟೆ, ತುದಿಯಲ್ಲಿ ಗಿಲಕಿ. ಅಲ್ಲಿರುವ ಮಗ-ಸೊಸೆಯ ಮನೆಗೆ ಹೋದವರು ಬೆಳಗಿನ ವಾಕಿಂಗ್‌ನಲ್ಲೇ ಇದನ್ನು ನೋಡಿಬಿಡಬಹುದು. ಬಿರುಬೇಸಿಗೆಯಲ್ಲಿ ಮಾತ್ರ ಇದರ ಓಡಾಟ ಹೆಚ್ಚಾಗಿ ರಾತ್ರಿಯೇ.

ಮೊದಲ ಕೆಲಸ, ನಿಂತುಬಿಡುವುದು. ಸದ್ದು ಎಲ್ಲಿಂದ ಎಂದು ಕಣ್ಣಲ್ಲೇ ಹುಡುಕಿ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಸರಿಯುವ ಮುನ್ನ ಹಿಂದೇನಿದೆ ನೋಡಿ. ಚೋಯಾ ಕಳ್ಳಿಯ ಮುಳ್ಳು ಹೊಕ್ಕರೆ ಕೀಳುವುದು ಸುಲಭವಲ್ಲ. ಹಾವು ಸಾಮಾನ್ಯವಾಗಿ ತನ್ನ ಉದ್ದದ ಅರ್ಧದಷ್ಟು ದೂರ ಎರಗುತ್ತದೆ. ಹಾಗೆಂದು ಲೆಕ್ಕ ಹಾಕುತ್ತಾ ನಿಲ್ಲಬೇಡಿ, ಹತ್ತು ಅಡಿ ಬಿಡಿ. ಗಿಲಕಿ ಆಡಿಸದೆಯೂ ಕಚ್ಚಬಲ್ಲದು.

ಕ್ಯಾಮೆರಾಕ್ಕೆ 300 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್ ಹಾಕಿ. ಮೊಬೈಲ್ ಆದರೆ ಜೂಮ್ ಸಾಕು, ಸೆಲ್ಫಿ ಬೇಡವೇ ಬೇಡ. ಚಿತ್ರ ಚೆನ್ನಾಗಿ ಬರಬೇಕೆಂದರೆ ಹಾವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಆದರೆ ನೀವು ಮಲಗಬೇಡಿ. ಸ್ಕ್ರೀನ್ ಮೇಲಕ್ಕೆ ತಿರುಗಿಸಿ, ಕ್ಯಾಮೆರಾ ಮಾತ್ರ ತಗ್ಗಿಸಿ. ಫೋಕಸ್ ಕಣ್ಣಿನ ಮೇಲಿರಲಿ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸಣ್ಣ ಗುಳಿ ಕಾಣುತ್ತದೆ: ಬೇಟೆಯ ಮೈಬಿಸಿ ಗ್ರಹಿಸುವ ಅಂಗ. ನಮ್ಮ ಮಲೆನಾಡಿನ ಗುಳಿಮಂಡಲಕ್ಕೂ ಇದುಂಟು. ಪಕ್ಕದಿಂದ ಬೀಳುವ ಎಳೆಬಿಸಿಲಿನಲ್ಲಿ ಅದು ಸ್ಪಷ್ಟವಾಗಿ ಮೂಡುತ್ತದೆ.

ಹೊರಚಾಚಿದ ನಾಲಿಗೆ ಸಿಗಬೇಕೆಂದರೆ ಶಟರ್ ವೇಗ 1/1000 ಸೆಕೆಂಡ್ ಇಟ್ಟು ಸಾಲಾಗಿ ಕ್ಲಿಕ್ಕಿಸಿ. ಗಿಲಕಿ ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಅದುರಬಲ್ಲದು. 1/60ಕ್ಕೆ ಇಳಿಸಿದರೆ ತಲೆ ಸ್ಪಷ್ಟವಾಗಿದ್ದು ಬಾಲದ ತುದಿಯಷ್ಟೇ ಮಸುಕಾಗಿ ಬರುತ್ತದೆ. ಈ ಚಿತ್ರಕ್ಕಾಗಿ ಕೋಲಿನಿಂದ ಕೆಣಕುವವರಿದ್ದಾರೆ. ಗಿಲಕಿ ಆಡಿತೆಂದರೆ ಹಾವಿಗೆ ನಿಮ್ಮಿಂದ ಕಾಟವಾಗಿದೆ ಎಂದೇ ಅರ್ಥ. ಸುಮ್ಮನೆ ಸುರುಳಿ ಸುತ್ತಿ ಮಲಗಿದ ಹಾವಿನ ಫೋಟೊವೇ ನನಗೆ ಹೆಚ್ಚು. ಅಂದಹಾಗೆ, ಗಿಲಕಿಯ ಬಳೆ ಎಣಿಸಿ ವಯಸ್ಸು ಹೇಳಲಾಗದು. ಪೊರೆ ಬಿಟ್ಟಾಗಲೆಲ್ಲ ಒಂದು ಸೇರುತ್ತದೆ, ತುದಿಯವು ಮುರಿದೂ ಬೀಳುತ್ತವೆ.

ಹಂಚಿಕೊಳ್ಳುವ ಮುನ್ನ ಚಿತ್ರದಿಂದ ಜಿಪಿಎಸ್ ಮಾಹಿತಿ ತೆಗೆಯಿರಿ. ಹಾವು ಹಿಡಿದು ಮಾರುವವರಿಗೆ ಅದೇ ವಿಳಾಸವಾಗುತ್ತದೆ.

ಒಂದು ವೇಳೆ ಕಚ್ಚಿದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಉಂಗುರ-ವಾಚು ಬಿಚ್ಚಿ, ಅಲುಗಾಡದೆ ಕುಳಿತುಕೊಳ್ಳಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ಹಾವನ್ನು ಹಿಡಿದು ಆಸ್ಪತ್ರೆಗೆ ಒಯ್ಯುವುದೂ ಬೇಕಿಲ್ಲ. ಅಲ್ಲಿ ರ‍್ಯಾಟಲ್‌ಸ್ನೇಕ್‌ನ ಜಾತಿಗೊಂದು ಪ್ರತಿವಿಷ ಎಂಬುದಿಲ್ಲ.